ಹಾರಿಸುವ ಮೊದಲು ಕಣದಲ್ಲೇ ಪರೀಕ್ಷೆ ಮುಗಿಸಿ

ಬಾಳ್ಳುಪೇಟೆ ಕಡೆ ರಿಮೋಟ್ ಜೆಟ್ ಹಾರಿಸುವ ಹುಮ್ಮಸ್ಸಿರುವ ಗೆಳೆಯರೇ, ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣ ಪರೀಕ್ಷೆಗೆ ಒಳ್ಳೆಯ ಜಾಗ. ಹಾರಾಟಕ್ಕೆ ಮಾತ್ರ ಬೇಡ. ಸುತ್ತ ಸಿಲ್ವರ್ ಓಕ್, ಆಚೆಗೆ ರೈಲು ಹಳಿ, ರಾಷ್ಟ್ರೀಯ ಹೆದ್ದಾರಿ 75.

ಫ್ಯಾನ್ ಜೆಟ್ ಆದರೆ ಮೊದಲು ಮೋಟಾರಿನ ಮೂರೂ ವೈರು ಬಿಚ್ಚಿಡಿ. ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿ: ಬಲ ರೆಕ್ಕೆಯ ಐಲೆರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಸ್ಟಿಕ್ ನಿಮ್ಮತ್ತ ಎಳೆದರೆ ಎಲಿವೇಟರಿನ ಹಿಂದಿನ ಅಂಚು ಮೇಲೆ ಬರಬೇಕು. ಉಲ್ಟಾ ಇದ್ದರೆ ಟೇಕಾಫ್ ಆದ ಮೇಲೆ ಸರಿಪಡಿಸಲು ಸಮಯವೇ ಸಿಗದು.

ವೇಗ ತಗ್ಗಿಸಲು ಗಾಳಿಗೆ ಅಡ್ಡವಾಗಿ ತೆರೆಯುವ ಹಲಗೆಗೆ, ಅಂದರೆ ಸ್ಪೀಡ್ ಬ್ರೇಕಿಗೆ, ಇನ್ನಷ್ಟು ತಾಳ್ಮೆ ಬೇಕು. ಅದನ್ನು ತೆರೆದು, ಗಾಳಿ ಒತ್ತುವ ದಿಕ್ಕಿನಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಹಲಗೆ ಹಿಂದೆ ಸರಿದರೆ, ಸರ್ವೋ ಬಿಡದೆ ಗುಂಯ್‌ಗುಡುತ್ತಿದ್ದರೆ ಅದಕ್ಕೆ ಶಕ್ತಿ ಸಾಲದು, ಬದಲಿಸಿ. ಎರಡು ಹಲಗೆಗಳಿದ್ದರೆ ಒಟ್ಟಿಗೇ ತೆರೆಯಬೇಕು. ಒಂದು ತಡವಾದರೆ ಮೂತಿ ಪಕ್ಕಕ್ಕೆ ತಿರುಗುತ್ತದೆ. ಗಾಳಿಯಲ್ಲಿ ಮೊದಲ ಸಲ ತೆರೆಯುವುದು ಸಾಕಷ್ಟು ಎತ್ತರದಲ್ಲಿ, ಮಧ್ಯಮ ವೇಗದಲ್ಲಿ, ಸಮತಲ ಹಾರಾಟದಲ್ಲಿ. ಇಳಿಸುವಾಗ ಖಂಡಿತ ಅಲ್ಲ. ಮೂತಿ ಏಳುವುದೋ ಬಾಗುವುದೋ ನೋಡಿಕೊಂಡು, ಅದಕ್ಕೆ ತಕ್ಕಂತೆ ರೇಡಿಯೋದಲ್ಲಿ ಎಲಿವೇಟರ್ ಮಿಕ್ಸ್ ಹಾಕಿ.

ಇಷ್ಟೊಂದು ಪರೀಕ್ಷೆಯೇ ಎಂದು ಬೇಸರಪಡಬೇಡಿ. 1995ರಲ್ಲಿ ಹ್ಯಾಂಗರಿನಿಂದ ಹೊರಬಂದ ನಮ್ಮ ತೇಜಸ್ ಯುದ್ಧವಿಮಾನ ಬೆಂಗಳೂರಿನಲ್ಲಿ ಮೊದಲು ಹಾರಿದ್ದು 2001ರ ಜನವರಿ 4ರಂದು. ನಡುವಿನ ವರ್ಷಗಳಲ್ಲಿ ನಿಯಂತ್ರಣ ವ್ಯವಸ್ಥೆಯ ಪರೀಕ್ಷೆಯೇ ದೊಡ್ಡ ಕೆಲಸವಾಗಿತ್ತು.

ಹಾರಿಸುವ ಬಯಲು ಪೂರ್ವಾನುಮತಿ ಬೇಡದ ಹಸಿರು ವಲಯದಲ್ಲಿದೆಯೇ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ. ಎತ್ತರ 400 ಅಡಿ ಮೀರದಿರಲಿ, ಜೆಟ್ ಸದಾ ಕಣ್ಣಳತೆಯಲ್ಲೇ ಇರಲಿ.