ಬಚ್ಚಲ ನೀರೂ ಬಣ್ಣದ ನಕ್ಷೆಯೂ

ಬೆಂಗಳೂರಿನ ಒಂದು ಮನೆಯಲ್ಲಿ ಯಾರೋ ಈಗಷ್ಟೇ ಸ್ನಾನ ಮುಗಿಸಿದ್ದಾರೆ ಎಂದುಕೊಳ್ಳಿ. ಆ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಊರು ಕಟ್ಟುವ ವಿದ್ಯೆಯ ಮೊದಲ ಪಾಠ ಈ ಪ್ರಶ್ನೆಯಲ್ಲೇ ಇದೆ.

ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಇಲ್ಲಿನ ನೀರು ಮುಖ್ಯವಾಗಿ ಮೂರು ಕಣಿವೆ ಹಿಡಿದು ಇಳಿಯುತ್ತದೆ: ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ. ಹಿಂದಿನವರು ಈ ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ ಸೇರಲೆಂದು ರಾಜಕಾಲುವೆ ಬಿಟ್ಟರು. ರಾಜಕಾಲುವೆ ಮಳೆನೀರಿನ ದಾರಿ. ಬಚ್ಚಲು, ಕಕ್ಕಸಿನ ನೀರಿಗೆ ಬೇರೆ ದಾರಿಯಿದೆ. ಅದು ನೆಲದಡಿಯ ಒಳಚರಂಡಿ, ಜನರ ಬಾಯಲ್ಲಿ ಯುಜಿಡಿ. ಇವೆರಡೂ ಬೆರೆತಲ್ಲಿಂದ ಊರಿನ ಕಾಯಿಲೆ ಶುರು.

ಈಗ ನಕ್ಷೆಗೆ ಬನ್ನಿ. ನಗರದ ಮಾಸ್ಟರ್ ಪ್ಲಾನಿನಲ್ಲಿ ಹಳದಿ ವಸತಿಗೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಉದ್ಯಾನಕ್ಕೆ. ಒಂದು ಜಾಗಕ್ಕೆ ಬಣ್ಣ ಬಳಿದಾಗಲೇ ಅಲ್ಲಿಂದ ದಿನಕ್ಕೆ ಎಷ್ಟು ಕೊಳೆನೀರು ಹೊರಡುತ್ತದೆ ಎಂಬುದೂ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನಿಯರುಗಳು ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿಯುತ್ತಾರೆ. ಅದರಲ್ಲಿ ನೂರಕ್ಕೆ 80 ಪಾಲು, ಅಂದರೆ 108 ಲೀಟರ್, ಕೊಳೆನೀರಾಗಿ ಹೊರಬರುತ್ತದೆ. ಥರ್ಟಿ-ಫಾರ್ಟಿ (30×40 ಅಡಿ) ಸೈಟಿನಲ್ಲಿ ಐದು ಜನರ ಮನೆಯಿದ್ದರೆ 540 ಲೀಟರ್. ಅದೇ ಸೈಟಿನಲ್ಲಿ ಮಹಡಿಯ ಮೇಲೆ ಮಹಡಿ ಎದ್ದು ಇಪ್ಪತ್ತು ಜನ ಸೇರಿದರೆ 2,160 ಲೀಟರ್. ಸೈಟು ಅದೇ, ರಸ್ತೆ ಅದೇ, ಅಡಿಯ ಪೈಪೂ ಅದೇ. ಮ್ಯಾನ್‌ಹೋಲ್ ಉಕ್ಕದೆ ಇನ್ನೇನು ಮಾಡೀತು?

ಇಕ್ಕಟ್ಟಿನ ಪಾಠ ಬೆಂಗಳೂರಿಗೆ ಹೊಸದಲ್ಲ. 1898ರಲ್ಲಿ ಪ್ಲೇಗು ಬಂದಾಗ ಊರಿನ ಇಕ್ಕಟ್ಟಿನ ಪೇಟೆ ತತ್ತರಿಸಿತು. ಆ ಕಾಲದಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳಲ್ಲಿ ರಸ್ತೆಗಳನ್ನು ಅಗಲವಾಗಿ ಬಿಟ್ಟರು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿಗಳನ್ನೂ ಬಿಟ್ಟರು. ಮಲ ಹೊರುವವರು ಆ ಓಣಿಯಿಂದಲೇ ಬಂದು ಹೋಗಬೇಕಿತ್ತು. ನೈರ್ಮಲ್ಯಕ್ಕೆಂದು ನೆಲ ಮೀಸಲಿಟ್ಟದ್ದು ಜಾಣತನ. ಆ ಹೊರೆಯನ್ನು ಕೆಲವು ಜಾತಿಗಳ ತಲೆಗೇ ಕಟ್ಟಿದ್ದು ಅನ್ಯಾಯ. ಅದರ ನೆರಳು ಇನ್ನೂ ಹೋಗಿಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗಿಳಿಸುವುದನ್ನು 2013ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೆ ಕಟ್ಟಿಕೊಂಡ ಒಳಚರಂಡಿಯನ್ನು ಯಂತ್ರದಿಂದ ಬಿಡಿಸುವ ಜೆಟ್ಟಿಂಗ್ ಗಾಡಿ ನುಗ್ಗಲಾಗದಷ್ಟು ಕಿರಿದಾದ ಗಲ್ಲಿಗೆ ನಾವು ನಕ್ಷೆ ಮಂಜೂರು ಮಾಡಿದರೆ, ಗುಂಡಿಗಿಳಿಯುವವರನ್ನು ಹುಡುಕುವ ದಿನವನ್ನೂ ಅಲ್ಲೇ ಬರೆದಂತೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿದವು. ಹೊರವಲಯದ ಎಷ್ಟೋ ಕಡೆ ಮನೆಗಳು ಮೊದಲು ಬಂದವು, ಯುಜಿಡಿ ಆಮೇಲೆ. ನೀರು ಕಾಯುವುದಿಲ್ಲ, ಇಳಿಜಾರು ಕಂಡತ್ತ ಇಳಿದು ರಾಜಕಾಲುವೆ ಸೇರಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದೂ, 2017ರಲ್ಲಿ ಅದೇ ಕೆರೆಯಿಂದ ಹೊಗೆ ಎದ್ದದ್ದೂ ಆ ಬೆರಕೆಯ ಫಲ.

ಇದೇ ಕಣಿವೆಯ ಕೊಳೆನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂದರೆ ನಮ್ಮ ಬಚ್ಚಲಿಗೆ ಪಕ್ಕದ ಜಿಲ್ಲೆಯ ಕೆರೆಯ ತನಕ ನಂಟಿದೆ. ಶುದ್ಧೀಕರಣ ಎಷ್ಟು ಚೆನ್ನಾಗಿ ನಡೆಯುತ್ತದೋ ಆ ನಂಟು ಅಷ್ಟು ಆರೋಗ್ಯಕರ.

ಮುಂದೆ ನೀವು ಸೈಟು ನೋಡಲು ಹೋದಾಗ ಬೆಲೆ ಕೇಳುವ ಮುಂಚೆ ಮೂರು ಮಾತು ಕೇಳಿ. ಮಾಸ್ಟರ್ ಪ್ಲಾನಿನಲ್ಲಿ ಈ ಜಾಗದ ಬಣ್ಣ ಯಾವುದು? ಮಳೆನೀರು ಯಾವ ಕಡೆಗೆ ಇಳಿಯುತ್ತದೆ? ಬಚ್ಚಲ ನೀರು ಯಾವ ಪೈಪು ಸೇರುತ್ತದೆ? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ನೀರು ಯಾರದೋ ಕೆರೆಗೆ ಹೋಗುತ್ತಿದೆ ಎಂದೇ ತಿಳಿಯಿರಿ.