ಚೀಲದ ಗೆರೆ ಓದುವ ಯಂತ್ರ: ಆರಿಸುವುದು, ಕಂಪ್ಯೂಟರಿಗೆ ಜೋಡಿಸುವುದು

ಬಾರ್‌ಕೋಡ್ ಅಂದರೆ ಪೇಟೆಯ ದೊಡ್ಡ ಅಂಗಡಿಯ ಬಾಬತ್ತು, ಹೊಲ ಮಾಡುವವರಿಗೆ ಅದು ಯಾಕೆ ಎನ್ನುವವರು ನಮ್ಮ ಮುಂಡಗೋಡ ತಾಲೂಕಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಆದರೆ ಅದು ನಮ್ಮ ಕೊಟ್ಟಿಗೆಗೆ ಬಂದು ವರ್ಷಗಳೇ ಆದವು. ದನದ ಕಿವಿಗೆ ಹಾಕಿದ ಹಳದಿ ಬಿಲ್ಲೆ ನೋಡ್ರಿ. ಅದರಲ್ಲಿ 12 ಅಂಕಿ, ಜತೆಗೆ ಕಪ್ಪು ಗೆರೆಗಳು. ಬೀಜ ಎಲ್ಲಿ ಬೆಳೆದು ಯಾರ ಕೈದಾಟಿ ಬಂತು ಎಂದು ಹುಡುಕಲು ಕೇಂದ್ರ ಸರಕಾರ 2023ರಲ್ಲಿ ‘ಸಾಥಿ’ ಎಂಬ ಏರ್ಪಾಡು ಶುರುಮಾಡಿತು. ಅದಕ್ಕಾಗಿ ಬೀಜದ ಚೀಲಕ್ಕೂ ಚೌಕಳಿ ಗುರುತು ಬಂತು. ಅಂದರೆ ನಾವು ಕೊಳ್ಳುವ ಚೀಲಕ್ಕೆ ಗುರುತು ಐತಿ. ನಾವು ಮಾರುವ ಚೀಲಕ್ಕೆ ಇಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಇಂದೂರಿನ ಸುತ್ತ ನಾವು ಕೆಲವರು ಮಳೆ ನಂಬಿ ಭತ್ತ, ಗೋವಿನಜೋಳ ಬೆಳೆಯುವವರು ಒಟ್ಟುಗೂಡಿ ಮಾಲು ಮಾರುತ್ತೇವೆ. ಒಂದು ವರ್ಷ ಲಾರಿಯ ಗೋವಿನಜೋಳದಲ್ಲಿ ಏಳೆಂಟು ಚೀಲ ಬೂಷ್ಟು ಹಿಡಿದಿದೆ ಎಂದು ವ್ಯಾಪಾರಿ ಇಡೀ ಲಾರಿಗೆ ದರ ಮುರಿದ. ಆ ಚೀಲಗಳು ಯಾರ ಕಣದ್ದು? ಯಾರೂ ಹೇಳುವ ಹಾಗಿರಲಿಲ್ಲ. ಎಲ್ಲಾ ಚೀಲ ಒಂದೇ ಬಣ್ಣ, ಒಂದೇ ಹೊಲಿಗೆ. ಚೆನ್ನಾಗಿ ಒಣಗಿಸಿದವನೂ ಒದ್ದೆ ತುಂಬಿದವನೂ ಒಂದೇ ದರ ಉಂಡರು. ಆಮೇಲೆ ಗುಂಪಿನಲ್ಲಿ ಆದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಎರಡು ಮನೆಯವರು ಬಿಟ್ಟೇ ಹೋದರು. ಚೀಲಕ್ಕೊಂದು ಅಂಕಿ, ಅಂಕಿಯನ್ನು ತಪ್ಪಿಲ್ಲದೆ ಓದಿ ಬರೆದಿಡುವ ಯಂತ್ರ, ಇವೆರಡು ಇದ್ದರೆ ಈ ಜಗಳ ಬರುವುದಿಲ್ಲ.

ಬರೇ ಪೆನ್ನಿನಿಂದ ಅಂಕಿ ಬರೆದರೆ ಸಾಲದೇ ಎಂದು ಕೇಳಬಹುದು. ಇಪ್ಪತ್ತು ಚೀಲಕ್ಕೆ ಸಾಕು. ನಾನೂರು ಚೀಲ ಲಾರಿಗೆ ಏರುವಾಗ, ಹಮಾಲರ ಗಡಿಬಿಡಿಯಲ್ಲಿ 1 ಎಂಬುದು 7 ಆಗುತ್ತದೆ, 3 ಎಂಬುದು 8 ಆಗುತ್ತದೆ.

ಮೊದಲು ಈ ಗೆರೆ ಏನೆಂದು ತಿಳಿದುಕೊಳ್ಳುವುದು ಒಳ್ಳೆಯದು. ಅಮೆರಿಕದ ಜೋಸೆಫ್ ವುಡ್‌ಲ್ಯಾಂಡ್ ಎಂಬಾತ ಸಮುದ್ರದಂಡೆಯ ಮರಳಿನಲ್ಲಿ ಕೂತು ತಂತಿ ಸಂದೇಶದ ಚುಕ್ಕೆ, ಗೀಟುಗಳನ್ನು ಬೆರಳಿನಿಂದ ಕೆಳಕ್ಕೆ ಎಳೆದನಂತೆ. ಚುಕ್ಕೆ ಸಣ್ಣ ಗೆರೆ ಆಯಿತು, ಗೀಟು ದಪ್ಪ ಗೆರೆ ಆಯಿತು. ಗೆಳೆಯ ಬರ್ನಾರ್ಡ್ ಸಿಲ್ವರ್ ಜತೆ ಸೇರಿ 1952ರಲ್ಲಿ ಪೇಟೆಂಟ್ ಪಡೆದ. ಅಂಗಡಿಯಲ್ಲಿ ಬಳಕೆಗೆ ಬರಲು ಮತ್ತೆ ಇಪ್ಪತ್ತೆರಡು ವರ್ಷ ಹಿಡಿಯಿತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಊರಲ್ಲಿ ಒಂದು ಚೂಯಿಂಗ್ ಗಮ್ ಕಟ್ಟನ್ನು ಮೊದಲು ಓದಿಸಿದರು. ಓದುವ ರೀತಿ ಇಷ್ಟೇ: ಯಂತ್ರ ಬೆಳಕು ಬಿಡುತ್ತದೆ, ಕಪ್ಪು ಗೆರೆ ಬೆಳಕು ನುಂಗುತ್ತದೆ, ಬಿಳಿ ಜಾಗ ತಿರುಗಿ ಎಸೆಯುತ್ತದೆ. ಆ ಏರಿಳಿತದಿಂದ ಅಂಕಿ ಹೊರಡುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಅಂಗಡಿಯ ಗಲ್ಲಾದ ಮೇಲಿಡುವ ಅಗ್ಗದ ಯಂತ್ರಕ್ಕೂ ಕಾರ್ಖಾನೆಯದಕ್ಕೂ ವ್ಯತ್ಯಾಸ ಮುಖ್ಯವಾಗಿ ಮೈಯಲ್ಲಿ. ನಮ್ಮ ಗೋದಾಮಿನಲ್ಲಿ ಹೊಟ್ಟು, ಧೂಳು. ಗಿರಣಿಯಲ್ಲಾದರೆ ತೌಡು ಹಾರುತ್ತದೆ. ಕೈಜಾರಿ ಗಚ್ಚಿನ ಮೇಲೆ ಬೀಳುವುದಂತೂ ದಿನದ ಮಾತು. ಯಂತ್ರದ ಪೆಟ್ಟಿಗೆಯ ಮೇಲೆ ‘ಐಪಿ’ ಎಂದು ಎರಡಂಕಿ ಇರುತ್ತದೆ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 65 ಎಂದಿದ್ದರೆ ಧೂಳು ಒಳಗೆ ಹೋಗುವುದಿಲ್ಲ, ಪೈಪಿನ ನೀರು ಸಿಡಿದರೂ ತಡೆಯುತ್ತದೆ. ಅಂಥದ್ದು ದುಬಾರಿ. ಸಾದಾ ಯಂತ್ರ ಎರಡು ಸಾವಿರದ ಆಸುಪಾಸು ಸಿಗುವಾಗ ಇದು ಅದರ ಹತ್ತು ಪಟ್ಟೂ ಆಗಬಹುದು. ಸುಗ್ಗಿಯಲ್ಲಿ ಒಂದು ತಿಂಗಳು ಮಾತ್ರ ಕೆಲಸವಿರುವ ಗುಂಪಿಗೆ ಸಾದಾ ಯಂತ್ರವೇ ಸಾಕು ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ನಡೆಯುವ ಗಿರಣಿಯವರು ಗಟ್ಟಿಯದನ್ನೇ ತರಲಿ.

ಇನ್ನೊಂದು, ಗೆರೆ ಮಾತ್ರ ಓದುವುದು ಬೇಕೋ, ಚೌಕಳಿ ಗುರುತನ್ನೂ ಓದುವುದು ಬೇಕೋ ಎಂದು ಮೊದಲೇ ತೀರ್ಮಾನಿಸಿ. ಚೌಕಳಿ ಅಂದರೆ ಜಪಾನಿನಲ್ಲಿ 1994ರಲ್ಲಿ ಹುಟ್ಟಿದ ಕ್ಯೂಆರ್. ಗೆರೆಯದನ್ನು ಲೇಸರ್ ಓದುತ್ತದೆ. ಚೌಕಳಿಗೆ ಕ್ಯಾಮರಾ ಇರುವ ಯಂತ್ರವೇ ಬೇಕು, ಅದು ಎರಡನ್ನೂ ಓದುತ್ತದೆ.

ಜೋಡಿಸುವುದು

ಜನ ಹೆದರುವುದು ಇಲ್ಲಿ. ಹೆದರುವಂಥದ್ದು ಏನೂ ಇಲ್ಲ. ಈ ಯಂತ್ರ ಕಂಪ್ಯೂಟರಿನ ಮಟ್ಟಿಗೆ ಒಂದು ಕೀಲಿಮಣೆ, ಅಷ್ಟೇ. ನೀವು ಬೆರಳಿನಿಂದ ಎಂಟು ಅಂಕಿ ಒತ್ತಿ ‘ಎಂಟರ್’ ಹೊಡೆಯುವುದನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ಅರ್ಧ ತೊಂದರೆ ನೀವೇ ಬಿಡಿಸುತ್ತೀರಿ.

ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಗೆ ಚುಚ್ಚಿರಿ. ಬೀಪ್ ಅನ್ನುತ್ತದೆ, ದೀಪ ಹತ್ತುತ್ತದೆ. ಬೇರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಬೇಡ. ಲೆಕ್ಕದ ಪ್ರೋಗ್ರಾಮನ್ನು ಈಗಲೇ ತೆಗೆಯಬೇಡಿ. ಮೊದಲು ‘ನೋಟ್‌ಪ್ಯಾಡ್’ ತೆರೆಯಿರಿ, ಒಳಗೆ ಒಮ್ಮೆ ಕ್ಲಿಕ್ ಮಾಡಿ ಕರ್ಸರ್ ಮಿಟುಕುವ ಹಾಗೆ ಇಟ್ಟುಕೊಂಡು ಮನೆಯಲ್ಲಿರುವ ಸೋಪಿನ ಪಟ್ಟಣವೋ ಚಹಾಪುಡಿಯ ಪೊಟ್ಟಣವೋ ಓದಿಸಿರಿ. 13 ಅಂಕಿ ಬಿದ್ದು ಕರ್ಸರ್ ಕೆಳಗಿನ ಸಾಲಿಗೆ ಹೋದರೆ ಯಂತ್ರ ಸರಿಯಿದೆ. ಆಮೇಲೆ ಏನೇ ತೊಂದರೆ ಬಂದರೂ ಅದು ಲೆಕ್ಕದ ಹಾಳೆಯದೋ ಚೀಟಿಯದೋ ಇರುತ್ತದೆ. ಹಾಗೆಂದು ಅಂಗಡಿಯವನಿಗೆ ಫೋನು ಮಾಡುವ ಮೊದಲೇ ಗೊತ್ತಾಗುತ್ತದೆ.

ಅಂಕಿ ಬಿದ್ದು ಕೆಳಸಾಲಿಗೆ ಹೋಗದಿದ್ದರೆ ‘ಎಂಟರ್’ ಸೇರಿಸಬೇಕು. ಇದಕ್ಕೆ ಯಂತ್ರದಲ್ಲಿ ಗುಂಡಿ ಇರುವುದಿಲ್ಲ. ಜತೆಗೆ ಬರುವ ಕೈಪಿಡಿ ನೋಡ್ರಿ, ಪುಟದ ತುಂಬಾ ಗೆರೆಗಳೇ. ಅವು ಯಂತ್ರಕ್ಕೆ ಕೊಡುವ ಅಪ್ಪಣೆಗಳು. ‘ಎಂಟರ್ ಸೇರಿಸು’ ಎಂಬ ಗೆರೆಯನ್ನು ಓದಿಸಿದರೆ ಅಂದಿನಿಂದ ಹಾಗೆಯೇ ನಡೆಯುತ್ತದೆ. ಪಕ್ಕದ ಮನೆಗೆ ಹೋಗಲು ‘ಟ್ಯಾಬ್’ ಬೇಕಾದರೆ ಅದಕ್ಕೂ ಒಂದು ಗೆರೆ. ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುವ ಗೆರೆಯೂ ಇರುತ್ತದೆ. ಆ ಪುಟ ಹರಿಯಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಒಂದು ಜೆರಾಕ್ಸ್ ತೆಗೆಸಿ ಕಂಪ್ಯೂಟರಿನ ಹತ್ತಿರ ಗೋಡೆಗೆ ಅಂಟಿಸುವುದು ಒಳ್ಳೆಯದು. ಸೋಪಿನದು ಓದಿ ನಿಮ್ಮ ಚೀಟಿ ಮಾತ್ರ ಓದದಿದ್ದರೆ ಆ ಜಾತಿಯ ಗೆರೆ ಯಂತ್ರದಲ್ಲಿ ಮುಚ್ಚಿರಬಹುದು. ತೆರೆಯುವುದೂ ಅದೇ ಪುಸ್ತಕದಿಂದ.

ಕನ್ನಡದವರಿಗೇ ಬರುವ ತೊಂದರೆ ಒಂದಿದೆ, ಇದನ್ನು ಯಾವ ಕೈಪಿಡಿಯಲ್ಲೂ ನಾನು ಕಂಡಿಲ್ಲ. ಕಂಪ್ಯೂಟರಿನಲ್ಲಿ ನುಡಿ ಚಾಲೂ ಇದ್ದರೆ ಯಂತ್ರ ಒತ್ತುವ ಇಂಗ್ಲಿಷ್ ಅಕ್ಷರಗಳು ಕನ್ನಡವಾಗಿ ಬೀಳುತ್ತವೆ. ಇಂದೂರಿನ ಗುರುತಿಗೆಂದು ಐ, ಎನ್, ಡಿ ಎಂದು ದೊಡ್ಡಕ್ಷರ ಹಾಕಿದ್ದರೆ ಕೆ.ಪಿ. ರಾವ್ ಕೀಲಿಮಣೆಯಲ್ಲಿ ಅದು ಈ, ಣ, ಧ ಆಗಿ ಬರುತ್ತದೆ. ಯಂತ್ರ ಕೆಟ್ಟಿತೆಂದು ಹುಬ್ಬಳ್ಳಿಗೆ ಬಸ್ಸು ಹತ್ತುವುದು ಬೇಡ. ಅದು ಕೀಲಿಮಣೆ ಅಂದೆನಲ್ಲ, ಕೀಲಿಮಣೆಗೆ ಆಗುವುದೆಲ್ಲ ಅದಕ್ಕೂ ಆಗುತ್ತದೆ. ಓದಿಸುವ ಮುಂಚೆ ನುಡಿ ಬಂದು ಮಾಡಿ, ಭಾಷೆ ಇಂಗ್ಲಿಷಿಗೆ ತನ್ನಿರಿ. ಚೀಟಿಯಲ್ಲಿ ಅಕ್ಷರವೇ ಇಲ್ಲದೆ ಬರೇ ಅಂಕಿ ಇಟ್ಟರೆ ಮತ್ತೂ ಚಲೋ.

ಲೆಕ್ಕದ ಹಾಳೆ ಎಕ್ಸೆಲ್ ಆಗಲಿ, ಪುಕ್ಕಟೆ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್ ಆಗಲಿ, ಅಂಕಿ ಬೀಳುವ ಕಂಬಸಾಲನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಿ. ಇಲ್ಲದಿದ್ದರೆ ಮುಂದಿನ ಸೊನ್ನೆ ನುಂಗಿಬಿಡುತ್ತದೆ. ಎಕ್ಸೆಲ್ ಅಂತೂ 15 ಅಂಕಿ ದಾಟಿದರೆ ಹಿಂದಿನವನ್ನು ಸೊನ್ನೆ ಮಾಡುತ್ತದೆ. ಒಂದೇ ಚೀಲ ಎರಡು ಸಲ ಓದಿದರೆ ಬಣ್ಣ ತೋರಿಸುವ ಹಾಗೆ ‘ಕಂಡಿಷನಲ್ ಫಾರ್ಮ್ಯಾಟಿಂಗ್’ನಲ್ಲಿ ಏರ್ಪಾಡು ಇದೆ. ನಮ್ಮಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹತ್ತು ಮಿನಿಟಿನಲ್ಲಿ ಮಾಡಿಕೊಟ್ಟಳು.

ಚೀಟಿ

ಯಂತ್ರಕ್ಕೆ ದುಡ್ಡು ಸುರಿದು ಚೀಟಿಗೆ ಜಿಪುಣತನ ಮಾಡುವವರೇ ಹೆಚ್ಚು. ಓದದೇ ಇರುವ ಹತ್ತು ಸಲದಲ್ಲಿ ಒಂಬತ್ತು ಸಲ ತಪ್ಪು ಚೀಟಿಯದು.

ನಮ್ಮ ಅಂಕಿ ಹೀಗಿದೆ: 25072014. ಮೊದಲ 25 ಅಂದರೆ 2025ರ ಸುಗ್ಗಿ. 07 ಸದಸ್ಯನ ನಂಬರು. 2 ಅಂದರೆ ಗೋವಿನಜೋಳ, ಭತ್ತಕ್ಕೆ 1. ಕೊನೆಯ 014 ಅಂದರೆ ಆ ಸದಸ್ಯನ ಹದಿನಾಲ್ಕನೆಯ ಚೀಲ. ಒಟ್ಟು ಎಂಟು ಅಂಕಿ, ಮೊದಲು ಸೊನ್ನೆ ಬರುವುದಿಲ್ಲ. ಎಂಟು ಎಂಬುದಕ್ಕೂ ಕಾರಣ ಉಂಟು. ಕೋಡ್ 128 ಎಂಬ ಜಾತಿಯ ಗೆರೆಯಲ್ಲಿ ಅಂಕಿಗಳು ಜೋಡಿ ಜೋಡಿಯಾಗಿ ಕೂಡುತ್ತವೆ. ಸಮಸಂಖ್ಯೆಯ ಅಂಕಿ ಇಟ್ಟರೆ ಚೀಟಿ ಗಿಡ್ಡವಾಗುತ್ತದೆ.

ಉದ್ದ ಲೆಕ್ಕ ಹಾಕುವುದು ಸುಲಭ. ಎಂಟು ಅಂಕಿಗೆ ಅತಿ ಸಣ್ಣ ಗೆರೆಯ 79 ಪಟ್ಟು ಅಗಲ ಬೇಕು. ಎರಡೂ ಬದಿಗೆ ಹತ್ತು ಹತ್ತು ಪಟ್ಟು ಖಾಲಿ ಬಿಳಿ ಬಿಡಬೇಕು. ಒಟ್ಟು 99. ಚೀಲಕ್ಕೆ ಸಣ್ಣ ಗೆರೆ ಅರ್ಧ ಮಿಲಿಮೀಟರು ಇದ್ದರೆ ದೂರದಿಂದಲೂ ಓದುತ್ತದೆ, ಹಾಗಾದರೆ ಚೀಟಿ ಸುಮಾರು 5 ಸೆಂಟಿಮೀಟರು. ಚೀಟಿ ಮುದ್ರಿಸುವ ಸಾದಾ ಥರ್ಮಲ್ ಪ್ರಿಂಟರಿನಲ್ಲಿ ಮಿಲಿಮೀಟರಿಗೆ 8 ಚುಕ್ಕೆ, ಅಂದರೆ ಸಣ್ಣ ಗೆರೆಗೆ 4 ಚುಕ್ಕೆ. ಬದಿಯ ಬಿಳಿ ಜಾಗದಲ್ಲಿ ಹೆಸರು, ಗುಂಪಿನ ಮುದ್ರೆ, ಎತ್ತಿನ ಚಿತ್ರ ಹಾಕುವವರಿದ್ದಾರೆ. ಆ ಬಿಳಿ ಇಲ್ಲದಿದ್ದರೆ ಗೆರೆ ಎಲ್ಲಿ ಶುರು ಎಲ್ಲಿ ಮುಗಿತು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಕೆಂಪು ಶಾಯಿಯೂ ನಡೆಯದು. ಲೇಸರಿನ ಬೆಳಕೇ ಕೆಂಪು, ಅದಕ್ಕೆ ಕೆಂಪು ಗೆರೆ ಬಿಳಿಯಂತೆ ಕಾಣುತ್ತದೆ.

ಬಿಸಿಯಿಂದ ಕಪ್ಪಾಗುವ ಕಾಗದ, ಅಂದರೆ ಬಸ್ ಟಿಕೇಟಿನಂಥದ್ದು, ಬಿಸಿಲಲ್ಲಿ ಮಾಸುತ್ತದೆ. ಶಾಯಿಯ ರಿಬ್ಬನ್ ಇರುವ ಪ್ರಿಂಟರಿನದು ಬಾಳಿಕೆ ಬರುತ್ತದೆ. ಪ್ಲಾಸ್ಟಿಕ್ ಚೀಲದ ನೇಯ್ಗೆಗೆ, ಅದರಲ್ಲೂ ಧೂಳು ಹತ್ತಿದ ಚೀಲಕ್ಕೆ ಅಂಟು ನಿಲ್ಲುವುದಿಲ್ಲ. ದಪ್ಪ ಕಾಗದದ ಚೀಟಿಯನ್ನು ಚೀಲದ ಬಾಯಿ ಹೊಲಿಯುವಾಗ ದಾರದ ಜತೆಗೇ ಸೇರಿಸಿ ಹೊಲಿದುಬಿಡುವುದು ನಮ್ಮ ಪದ್ಧತಿ. ಹೊಲಿಗೆ ಗೆರೆಯ ಮೇಲೆ ಬರಬಾರದು, ಅಷ್ಟು ನೋಡಿಕೊಂಡರಾಯಿತು. ಗೆರೆಯ ಕೆಳಗೆ ಅಂಕಿಯನ್ನು ಕಣ್ಣಿಗೆ ಕಾಣುವ ಹಾಗೆ ಅಚ್ಚು ಹಾಕಿಸಿ. ಗೆರೆ ಹರಿದರೆ ಕೈಯಿಂದ ಒತ್ತಬಹುದು.

ಓದಿಸುವಾಗ ಯಂತ್ರವನ್ನು ನೆಟ್ಟಗೆ ಹಿಡಿಯಬೇಡಿ, ಸ್ವಲ್ಪ ವಾರೆ ಹಿಡಿಯಿರಿ. ನೆಟ್ಟಗೆ ಹಿಡಿದರೆ ಮಿರುಗುವ ಚೀಟಿಯ ಹೊಳಪೇ ತಿರುಗಿ ಬಂದು ಕಣ್ಣು ಕುಕ್ಕುತ್ತದೆ. ಅಂಗಳದ ಪ್ರಖರ ಬಿಸಿಲಿನಲ್ಲೂ ಕೆಲವು ಯಂತ್ರ ತಡವರಿಸುತ್ತವೆ, ನೆರಳಿಗೆ ಬನ್ನಿರಿ.

ತಂತಿ ಉದ್ದ ಸಾಲದಿದ್ದರೆ

ಯುಎಸ್‌ಬಿ ತಂತಿ 5 ಮೀಟರಿನೊಳಗೆ ಇರಬೇಕು. ತೂಕದ ಕಾಟಾ ಗೋದಾಮಿನ ಆ ತುದಿಗೆ, ಕಂಪ್ಯೂಟರು ಈ ತುದಿಯ ಕೋಣೆಗೆ ಇದ್ದರೆ ಸೀರಿಯಲ್ ತಂತಿ ಇರುವ ಯಂತ್ರ ಆರಿಸಬಹುದು. ಅದು ಹದಿನೈದು ಮೀಟರಿನವರೆಗೆ ತೊಂದರೆ ಕೊಡದು. ಆದರೆ ಇದು ಕೀಲಿಮಣೆಯಂತೆ ಸುಮ್ಮನೆ ನಡೆಯುವುದಿಲ್ಲ. ಯಂತ್ರ, ಕಂಪ್ಯೂಟರು ಎರಡೂ ಕಡೆ ಮಾತಿನ ವೇಗ ಒಂದೇ ಇರಬೇಕು, ಸಾಮಾನ್ಯವಾಗಿ 9600. ಒಂದು ಕಡೆ ಬೇರೆ ಇದ್ದರೆ ಅಂಕಿಯ ಬದಲು ಕಸಕಡ್ಡಿ ಅಕ್ಷರ ಬರುತ್ತದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಒಂಬತ್ತು ಮೊಳೆಯ ಆ ಕಿಂಡಿಯೇ ಇಲ್ಲ, ನಡುವೆ ಪರಿವರ್ತಕ ಹಾಕಬೇಕು. ಎಲೆಕ್ಟ್ರಾನಿಕ್ ಕಾಟಾಗಳಲ್ಲಿ ಹಲವಕ್ಕೆ ಇದೇ ಕಿಂಡಿ ಇರುವುದರಿಂದ ತೂಕವೂ ಅಂಕಿಯೂ ಒಂದೇ ಸಾಲಿಗೆ ಬೀಳುವ ಹಾಗೆ ಪ್ರೋಗ್ರಾಮು ಮಾಡಿಸಬಹುದು. ಅದಕ್ಕೆ ತಿಳಿದವರೇ ಬೇಕು. ಗಿರಣಿಯ ಪಟ್ಟಿಯ ಮೇಲೆ ಚೀಲ ಓಡುವಾಗ ತಾನೇ ಓದುವ, ಕಂಬಕ್ಕೆ ಬಿಗಿಯುವ ಯಂತ್ರಗಳಿಗೆ 24 ವೋಲ್ಟಿನ ಬೇರೆ ವಿದ್ಯುತ್ತು, ಚೀಲ ಬಂತೆಂದು ಹೇಳುವ ಬೇರೆ ಕಣ್ಣು ಎಲ್ಲಾ ಬೇಕು. ನಮ್ಮಂಥ ಗುಂಪಿಗೆ ಅದು ಆನೆ ಸಾಕಿದ ಹಾಗೆ.

ಅಂಗಡಿಗೆ ಕೊಡುವ ಪೊಟ್ಟಣ

ಐದು ಕಿಲೋ ಅಕ್ಕಿ ಪೊಟ್ಟಣ ಮಾಡಿ ದೊಡ್ಡ ಅಂಗಡಿಗೆ ಕೊಡುವವರಿಗೆ ಮನೆಯಲ್ಲೇ ಹುಟ್ಟಿಸಿದ ಅಂಕಿ ನಡೆಯದು. ಅಲ್ಲಿ 13 ಅಂಕಿಯದು ಬೇಕು, ಅದನ್ನು ಜಿಎಸ್1 ಇಂಡಿಯಾ ಎಂಬ ಸಂಸ್ಥೆಯಲ್ಲಿ ಹಣ ಕಟ್ಟಿ ಪಡೆಯಬೇಕು. ಅವರು ಕೊಡುವ ಅಂಕಿ 890ರಿಂದ ಶುರುವಾಗುತ್ತದೆ. 890 ಇದ್ದರೆ ಮಾಲು ಭಾರತದ್ದೆಂದು ಹಲವರು ನಂಬಿದ್ದಾರೆ, ಹಾಗಲ್ಲ. ಅಂಕಿ ಇಲ್ಲಿ ನೋಂದಾಯಿಸಿದ್ದು ಎಂದಷ್ಟೇ ಅರ್ಥ. ಕೊನೆಯ ಅಂಕಿ ಕಾವಲಿನದು. 890123456789 ಎಂಬ ಹನ್ನೆರಡು ಅಂಕಿ ತಗೊಳ್ಳಿ. 1, 3, 5 ಹೀಗೆ ಬೆಸ ಜಾಗದವುಗಳನ್ನು ಕೂಡಿದರೆ 28. ಸಮ ಜಾಗದವು 34, ಅದರ ಮೂರು ಪಟ್ಟು 102. ಒಟ್ಟು 130. ಮುಂದಿನ ಹತ್ತರ ಮಗ್ಗಿಗೆ ಏನೂ ಕಡಿಮೆ ಇಲ್ಲ, ಹಾಗಾಗಿ ಕೊನೆಯ ಅಂಕಿ 0. ಒಟ್ಟು 127 ಆಗಿದ್ದರೆ 3 ಬರುತ್ತಿತ್ತು. ಯಂತ್ರ ಪ್ರತಿ ಸಲ ಈ ಲೆಕ್ಕ ಮಾಡಿ ತಾಳೆಯಾದರೆ ಮಾತ್ರ ಬೀಪ್ ಅನ್ನುತ್ತದೆ. ಅದಕ್ಕೇ ಅದು ಓದದೆ ಇರಬಹುದೇ ಹೊರತು ತಪ್ಪು ಓದುವುದು ಅಪರೂಪ.

ನಮ್ಮ ಗುಂಪಿನಲ್ಲಿ ಇದಕ್ಕೆ ವಿರೋಧವೂ ಬಂತು. ಚೀಲಕ್ಕೆ ನಂಬರು ಹಾಕುವುದೆಂದರೆ ನಮ್ಮ ಮೇಲೆ ಅನುಮಾನ ಅಂತಲೇ ಅಲ್ಲವೇನ್ರಿ ಎಂದು ಹಿರಿಯರೊಬ್ಬರು ಕೇಳಿದರು. ಮಾತು ಸುಳ್ಳಲ್ಲ. ಅದಕ್ಕೆ ಯಾವ ನಂಬರು ಯಾರದೆಂಬ ಪಟ್ಟಿ ವ್ಯಾಪಾರಿಗೆ ಕೊಡುವುದಿಲ್ಲ, ಗುಂಪಿನ ಬಳಿಯೇ ಇರುತ್ತದೆ ಎಂದು ಠರಾವು ಮಾಡಿದೆವು. ಚೀಟಿ ಹೊಲಿಯುವ ಮುಂಚೆ ತೇವದ ಮೀಟರು ಹಿಡಿದು 14ಕ್ಕಿಂತ ಹೆಚ್ಚಿದ್ದರೆ ಚೀಲ ಕಣಕ್ಕೆ ತಿರುಗಿ ಹೋಗುತ್ತದೆ, ಅವರದಾಗಲಿ ನನ್ನದಾಗಲಿ. ಕಳೆದ ಸುಗ್ಗಿಯಲ್ಲಿ ಮೂರು ಚೀಲದ ತಕರಾರು ಬಂತು. ಅಂಕಿ ಓದಿ ಹೇಳಿದರು, ಹಾಳೆಯಲ್ಲಿ ನೋಡಿದೆವು, ಮೂರೂ ಒಬ್ಬರ ಒಂದೇ ದಿನದ ಚೀಲಗಳು. ಆ ದಿನ ಸಂಜೆ ಮಳೆ ಬಿದ್ದದ್ದು ಎಲ್ಲರಿಗೂ ನೆನಪಿತ್ತು. ಮೂರು ಚೀಲದ ದರ ಮಾತ್ರ ಮುರಿಯಿತು, ಉಳಿದ ಲಾರಿ ಉಳಿಯಿತು.

ಯಂತ್ರದ ಗಾಜನ್ನು ವಾರಕ್ಕೊಮ್ಮೆ ಮೆತ್ತನೆ ಅರಿವೆಯಿಂದ ಒರೆಸಿರಿ, ಪಂಜೆಯ ಒರಟು ತುದಿಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ತಂತಿ ಹಿಡಿಕೆಗೆ ಸೇರುವ ಜಾಗವೇ ಮೊದಲು ಕಡಿಯುವುದು. ತಂತಿಯನ್ನು ಯಂತ್ರಕ್ಕೇ ಬಿಗಿಯಾಗಿ ಸುತ್ತಿಡದೆ, ಮೊಳೆಗೆ ಸಡಿಲವಾಗಿ ತೂಗುಹಾಕಿರಿ. ಸುಗ್ಗಿ ಮುಗಿದ ಮೇಲೆ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕುವುದು, ಗೋದಾಮಿನ ಇಲಿಗಳಿಗೆ ಈ ತಂತಿ ಬಹಳ ರುಚಿ.