ಮನೆಗೆ ಅರ್ಜಿ ಹಾಕುವ ಮುನ್ನ: ಹೈನುಗಾರ ಮಹಿಳೆಯರಿಗೆ ಮಾಹಿತಿ



ಬೆಳಿಗ್ಗೆ ಸಂಘಕ್ಕೆ ಹಾಲು ತರುವಾಗ ನಿಮ್ಮಲ್ಲಿ ಹಲವರ ಬಾಯಲ್ಲಿ ಬರುವ ಮಾತು ಒಂದೇ: "ಸರಕಾರದ ಮನೆ ನಮಗೆ ಯಾಕೆ ಸಿಗಲಿಲ್ಲ?" ಹಟ್ಟಿಗೆ ಸಿಮೆಂಟ್ ನೆಲ ಇದೆ, ದನಗಳಿಗೆ ಮ್ಯಾಟ್ ಇದೆ. ಆದರೆ ಮನೆಯ ಮಾಡಿಗೆ ಮಾತ್ರ ಇನ್ನೂ ಟರ್ಪಾಲು. ಇಂಥ ಮನೆಗಳು ನಮ್ಮ ಜಿಲ್ಲೆಯಲ್ಲಿ ಈಗಲೂ ಇವೆ. ಯೋಜನೆಗಳಿಗೆ ಕೊರತೆಯಿಲ್ಲ. ಹೆಚ್ಚಿನ ಅರ್ಜಿಗಳು ನಿಲ್ಲುವುದು ಹಣದ ಹಂತದಲ್ಲಲ್ಲ, ಅದಕ್ಕೂ ಮೊದಲು, ದಾಖಲೆಯ ಹಂತದಲ್ಲಿ. ಆದ್ದರಿಂದ ಪಂಚಾಂಗ ಹಾಕುವ ಮೊದಲು ದಾಖಲೆ ಗಟ್ಟಿ ಮಾಡಿಕೊಳ್ಳಿ. ಅದು ಹೇಗೆಂದು ಈ ಪಾಠದಲ್ಲಿ ತಿಳಿಯೋಣ.

ಯಾವ ಕಚೇರಿಗೆ ಹೋಗಬೇಕು?

ನಿಮ್ಮ ಮನೆ ಯಾವ ಸ್ಥಳೀಯ ಸಂಸ್ಥೆಯ ಗಡಿಯೊಳಗಿದೆ ಎಂದು ಮೊದಲು ನೋಡಿ. ಮಣಿಪಾಲ, ಪರ್ಕಳ ಉಡುಪಿ ನಗರಸಭೆಗೆ ಸೇರಿವೆ. ಪಕ್ಕದ 80 ಬಡಗಬೆಟ್ಟು ಗ್ರಾಮ ಪಂಚಾಯತ್. ಕಾಪು ಪೇಟೆ ಮತ್ತು ಕಾರ್ಕಳ ಪೇಟೆಗೆ ಪುರಸಭೆ ಇದೆ. ಶಿರ್ವ, ಬೆಳಪು, ನಿಟ್ಟೆ, ಬೈಲೂರು ಕಡೆಯವರು ಗ್ರಾಮ ಪಂಚಾಯತ್‌ಗೇ ಹೋಗಬೇಕು. ಹಾಲಿನ ಸಂಘ ಒಂದೇ ಆದರೂ ಸದಸ್ಯರ ಮನೆಗಳು ಬೇರೆ ಬೇರೆ ಗಡಿಯಲ್ಲಿರಬಹುದು. ನೆರೆಮನೆಯವರಿಗೆ ಸಿಕ್ಕಿದ ಯೋಜನೆಯೇ ನಿಮಗೂ ಅನ್ವಯಿಸುತ್ತದೆ ಎಂದು ತಿಳಿಯಬೇಡಿ.

ಎಷ್ಟು ಸಹಾಯಧನ?

ಗ್ರಾಮೀಣ ಭಾಗಕ್ಕೆ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಇದೆ. ಹಿಂದಿನ ಇಂದಿರಾ ಆವಾಸ್ ಯೋಜನೆಯ ಬದಲಿಗೆ 2016ರಲ್ಲಿ ಬಂತು. ಬಯಲು ಪ್ರದೇಶದಲ್ಲಿ ಒಂದು ಮನೆಗೆ 1.20 ಲಕ್ಷ ರೂ. ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಅಡುಗೆಮನೆ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಕಟ್ಟಬೇಕು. ಇದರ ಜೊತೆಗೆ ಉದ್ಯೋಗ ಖಾತರಿಯ ಕೂಲಿ ದಿನಗಳು ಮತ್ತು ಶೌಚಾಲಯಕ್ಕೆ 12,000 ರೂ. ಸೇರಿಸಿಕೊಳ್ಳಲು ಅವಕಾಶವಿದೆ. ಬೇಕಿದ್ದವರು 70,000 ರೂ.ವರೆಗೆ ಬ್ಯಾಂಕ್ ಸಾಲವನ್ನೂ ಕೇಳಬಹುದು.

ರಾಜ್ಯದ ಯೋಜನೆಗಳನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಡೆಸುತ್ತದೆ. ಬಸವ ವಸತಿ ಯೋಜನೆಯಲ್ಲಿ 1.20 ಲಕ್ಷ ರೂ., ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಗ್ರಾಮೀಣ ಕುಟುಂಬಕ್ಕೆ 1.75 ಲಕ್ಷ ರೂ. ನಗರಸಭೆ, ಪುರಸಭೆ ವ್ಯಾಪ್ತಿಯವರಿಗೆ 2024ರ ಸೆಪ್ಟೆಂಬರ್‌ನಿಂದ ಪ್ರಧಾನ ಮಂತ್ರಿ ಆವಾಸ್ (ನಗರ) 2.0 ಬಂದಿದೆ. ವರ್ಷಕ್ಕೆ 3 ಲಕ್ಷ ರೂ. ಒಳಗಿನ ಆದಾಯವಿದ್ದು ಸ್ವಂತ ಜಾಗದಲ್ಲಿ ಮನೆ ಕಟ್ಟುವವರು ಇದರಲ್ಲಿ ಅರ್ಜಿ ಹಾಕಬಹುದು.

2016ರಲ್ಲಿ ನಿಗದಿಯಾದ 1.20 ಲಕ್ಷವೇ ಈಗಲೂ ಇದೆ. ಮುರಕಲ್ಲು, ಮರಳು, ಮೇಸ್ತ್ರಿ ಕೂಲಿ ಅಲ್ಲೇ ನಿಂತಿಲ್ಲ. ಆದ್ದರಿಂದ ಸಹಾಯಧನದಿಂದ ಇಡೀ ಮನೆ ಆಗುತ್ತದೆ ಎಂದು ಲೆಕ್ಕ ಹಾಕಬೇಡಿ. ಸಣ್ಣದಾಗಿ ಶುರುಮಾಡಿ, ಮುಂದೆ ಕೋಣೆ ಸೇರಿಸುವಂತೆ ಜಾಗ ಬಿಟ್ಟು ಕಟ್ಟಿ.

ಜಾಗ ಯಾರ ಹೆಸರಿನಲ್ಲಿದೆ?

ಇದೇ ದೊಡ್ಡ ಪ್ರಶ್ನೆ. ನಮ್ಮ ಕಡೆ ಕುಟುಂಬದ ಜಾಗದ ಆರ್‌ಟಿಸಿಯಲ್ಲಿ ಹತ್ತು ಹದಿನೈದು ಹೆಸರು ಇರುವುದುಂಟು. ಅಜ್ಜಿ, ಮಾವ ತೀರಿಹೋಗಿ ವರ್ಷಗಳಾದರೂ ಅವರ ಹೆಸರೇ ಮುಂದುವರಿದಿರುತ್ತದೆ. ನೀವು ಹುಟ್ಟಿದಾಗಿನಿಂದ ಅಲ್ಲೇ ಇದ್ದರೂ ದಾಖಲೆಯಲ್ಲಿ ನಿಮಗೆ ಜಾಗ ಇರುವುದಿಲ್ಲ. ತೀರಿದವರ ಹೆಸರಿದ್ದರೆ ಪೌತಿ ಖಾತೆ ಮಾಡಿಸಿ. ಜಂಟಿ ಖಾತೆ ಇದ್ದರೆ ಎಲ್ಲರೂ ಒಪ್ಪಿ ವಿಭಾಗ ಪತ್ರ ನೋಂದಾಯಿಸಿ ನಿಮ್ಮ ಪಾಲಿನ ಐದು ಸೆಂಟ್ಸನ್ನಾದರೂ ಬೇರೆ ಮಾಡಿಸಿಕೊಳ್ಳಿ.

ಆರ್‌ಟಿಸಿ ಜಮೀನಿನ ದಾಖಲೆ. ಮನೆ ನಿವೇಶನಕ್ಕೆ ಪಂಚಾಯತ್‌ನ ನಮೂನೆ 9 ಮತ್ತು 11, ನಾವು "ನೈನ್ ಇಲೆವೆನ್" ಎನ್ನುವುದು, ಬೇಕಾಗುತ್ತದೆ.

ಸರಕಾರಿ ಜಾಗದಲ್ಲಿ 2015ರ ಜನವರಿ 1ಕ್ಕಿಂತ ಮೊದಲೇ ಮನೆ ಕಟ್ಟಿ ವಾಸವಿದ್ದವರಿಗೆ ಕರ್ನಾಟಕ ಭೂಕಂದಾಯ ಕಾಯ್ದೆಯ 94ಸಿ (ಪೇಟೆ ಬದಿಯಲ್ಲಿ 94ಸಿಸಿ) ಕಲಮಿನಡಿ ಹಕ್ಕುಪತ್ರ ಕೊಡುವ ಕ್ರಮ ಇದೆ. ಅರ್ಜಿ ಹಾಕಿ ಬಾಕಿ ಉಳಿದಿದ್ದರೆ ತಾಲೂಕು ಕಚೇರಿಯಲ್ಲಿ ಕಾರಣ ಕೇಳಿ. ಕಾರ್ಕಳದ ಕಡೆ ಜಾಗ ಡೀಮ್ಡ್ ಫಾರೆಸ್ಟ್ ಎಂದು ದಾಖಲಾಗಿದೆಯೇ, ಕಾಪುವಿನ ಕಡಲಬದಿಯಲ್ಲಿ ಸಿಆರ್‌ಝಡ್ ಗಡಿಯೊಳಗೆ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಜಾಗವೇ ಇಲ್ಲದವರು ವಸತಿ ರಹಿತರ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಸಾಲದು. ನಿವೇಶನ ರಹಿತರ ಪಟ್ಟಿ ಬೇರೆಯೇ ಇದೆ, ಅದರಲ್ಲಿ ಹೆಸರು ಇರಬೇಕು.

ಹೆಸರು ಒಂದೇ ರೀತಿ ಇದೆಯೇ?

ಆವಾಸ್ ಯೋಜನೆಯ ಮನೆ ಹೆಂಡತಿಯ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಂಜೂರಾಗಬೇಕೆಂಬುದು ನಿಯಮ. ಹಾಗಾಗಿ ನಿಮ್ಮ ಕಾಗದಪತ್ರವೇ ಮುಖ್ಯ. ಹಳೆಯ ದಾಖಲೆಯಲ್ಲಿ "ಪೂಜಾರ್ತಿ", "ಶೆಡ್ತಿ" ಎಂದಿದ್ದು ಆಧಾರ್‌ನಲ್ಲಿ "ಪೂಜಾರಿ", "ಶೆಟ್ಟಿ" ಎಂದಿರಬಹುದು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಜಾಗದ ದಾಖಲೆ ನಾಲ್ಕನ್ನೂ ಒಟ್ಟಿಗೆ ಇಟ್ಟು ಹೋಲಿಸಿ. ವ್ಯತ್ಯಾಸವಿದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿ.

ಕಿಸಾನ್ ಕಾರ್ಡ್ ಇರುವವರು ಗಮನಿಸಿ

ಗ್ರಾಮೀಣ ಆವಾಸ್ ಯೋಜನೆಯಿಂದ ಯಾರು ಹೊರಗುಳಿಯುತ್ತಾರೆ ಎಂಬ ಪಟ್ಟಿಯನ್ನು 2024ರಲ್ಲಿ ಸಡಿಲಿಸಿದ್ದಾರೆ. ಬೈಕ್, ಫ್ರಿಡ್ಜ್ ಇದ್ದರೆ ಈಗ ಅಡ್ಡಿಯಿಲ್ಲ. ಮನೆಯ ಒಬ್ಬ ಸದಸ್ಯರ ತಿಂಗಳ ಆದಾಯದ ಮಿತಿ 10,000ದಿಂದ 15,000 ರೂ.ಗೆ ಏರಿದೆ. ಆದರೆ 50,000 ರೂ. ಅಥವಾ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್, ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಜಮೀನು, ಮೂರು ಅಥವಾ ನಾಲ್ಕು ಚಕ್ರದ ವಾಹನ ಇದ್ದವರು ಈಗಲೂ ಹೊರಗೆ. ಹಸು ಸಾಕಣೆಯ ಖರ್ಚಿಗೂ ಈ ಕಾರ್ಡ್ ಸಿಗುತ್ತಿರುವುದರಿಂದ ಇದು ನಮ್ಮನ್ನೇ ತಟ್ಟುವ ನಿಯಮ. ನೀವು ಎಷ್ಟು ಹಣ ತೆಗೆದಿರಿ ಎಂಬುದಲ್ಲ, ಕಾರ್ಡಿನ ಮಿತಿ ಎಷ್ಟು ಎಂಬುದೇ ಲೆಕ್ಕ. ಪಕ್ಕಾ ಮನೆ ಇಲ್ಲದವರು ಕಾರ್ಡ್ ಮಾಡಿಸುವ ಮೊದಲು ಪಿಡಿಒ ಅವರಲ್ಲಿ ಕೇಳಿ ತಿಳಿಯಿರಿ.

ಕಂತು, ಮಳೆಗಾಲ, ಹಾಲಿನ ಹಣ

ಸಹಾಯಧನ ಒಂದೇ ಸಲಕ್ಕೆ ಬರುವುದಿಲ್ಲ. ಕೆಲಸ ಆದಷ್ಟಕ್ಕೆ, ಸ್ಥಳದಲ್ಲೇ ತೆಗೆದ ಜಿಪಿಎಸ್ ಫೋಟೋ ನೋಡಿ ಕಂತು ಜಮೆಯಾಗುತ್ತದೆ. ಮಂಜೂರಾತಿ ಆದೇಶ ಕೈಗೆ ಬರುವ ಮೊದಲು ಕೆಲಸ ಶುರುಮಾಡಬೇಡಿ. ಹಂತ ಮುಗಿಸಲು ನಿಮ್ಮ ಕೈಯಲ್ಲಿ ಸ್ವಲ್ಪ ಹಣ ಇರಲೇಬೇಕು. ದಸರಾ ಕಳೆದ ಮೇಲೆ ಪಂಚಾಂಗ ಹಾಕಿ, ಮೇ ತಿಂಗಳೊಳಗೆ ಮಾಡು ಮುಗಿಸುವಂತೆ ಯೋಜಿಸಿ. ಗೋಡೆ ಎದ್ದು ಮಾಡಿಲ್ಲದೆ ಮಳೆಗಾಲ ಬಂದರೆ ನಷ್ಟ ನಿಮಗೇ.

ಸಾಲ ತೆಗೆದರೆ ಒಂದು ಮಾತು ನೆನಪಿಡಿ. ಹಸು ಹಾಲು ಕೊಡುವುದು ವರ್ಷದಲ್ಲಿ ಸುಮಾರು ಹತ್ತು ತಿಂಗಳು, ಬ್ಯಾಂಕ್ ಕಂತು ಕಟ್ಟುವುದು ಹನ್ನೆರಡು ತಿಂಗಳು. ಬತ್ತಿದ ಎರಡು ತಿಂಗಳ ಕಂತನ್ನು ಹಾಲು ಇರುವಾಗಲೇ ತೆಗೆದಿಡಿ. ಹಿಂಡಿಯ ಹಣಕ್ಕೆ ಕೈಹಾಕಬೇಡಿ. ಹಿಂಡಿ ಕಡಿಮೆಯಾದರೆ ಹಾಲೂ ಕಡಿಮೆ, ಆಗ ಕಂತಿಗೂ ಕಷ್ಟ.

ಈ ತಿಂಗಳು ಮಾಡಬೇಕಾದ ಕೆಲಸ

1. ಆರ್‌ಟಿಸಿ ಪ್ರತಿ ತೆಗೆದು ಯಾರ ಹೆಸರಿದೆ ನೋಡಿ.
2. ನಾಲ್ಕು ದಾಖಲೆಗಳಲ್ಲಿ ಹೆಸರು ಹೋಲಿಸಿ.
3. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಕೇಳಿ.
4. ಪಂಚಾಯತ್‌ನ ಪಟ್ಟಿಗಳಲ್ಲಿ ನಿಮ್ಮ ಹೆಸರು ಹುಡುಕಿ.
5. ವಾರ್ಡ್ ಸಭೆ, ಗ್ರಾಮಸಭೆಗೆ ತಪ್ಪದೆ ಹೋಗಿ.

ರಾಜ್ಯದ ಯೋಜನೆಗಳಲ್ಲಿ ಫಲಾನುಭವಿಗಳ ಆಯ್ಕೆ ಆಗುವುದು ಗ್ರಾಮಸಭೆಯಲ್ಲೇ. ಅದು ನಡೆಯುವುದು ಹಾಲು ಕರೆಯುವ ಹೊತ್ತಿನಲ್ಲಲ್ಲ. ಸಂಘದ ನಾಲ್ಕೈದು ಮಂದಿ ಜೊತೆಯಾಗಿ ಹೋಗಿ, ಹೆಸರು ಓದುವಾಗ ಕೇಳಿಸಿಕೊಳ್ಳಿ, ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ, ನಿರ್ಣಯ ಪುಸ್ತಕದಲ್ಲಿ ಬರೆಸಿ ಬನ್ನಿ.